ಗ್ರಂಥಪ್ರಶಸ್ತಿ ಮತ್ತು ವಿದ್ವತ್ಪ್ರಶಸ್ತಿ: ಚಾವುಂಡರಾಯ ಪ್ರಶಸ್ತಿಯನ್ನು ಕುರಿತು ಒಂದು ವಿಚಾರ

‘ಪ್ರಶಸ್ತಿ’ ಎಂಬ ಶಬ್ದಕ್ಕೆ ಇಂದಿನ ರೂಢಿಯಲ್ಲಿ ಬಹುಮಾನ, ಪುರಸ್ಕಾರ ಎಂಬುದೇ ಅರ್ಥ. ಆದರೆ ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಅದರ ಇನ್ನೊಂದು ಅರ್ಥವೂ ಸುಪರಿಚಿತವಾದುದು. ಗ್ರಂಥದ ಅಂತ್ಯದಲ್ಲಿ ಕರ್ತೃವಿನ ಗುರುಪರಂಪರೆ, ರಚನೆಯ ಕಾಲ, ಪ್ರತಿಯನ್ನು ಬರೆಯಿಸಿದವರು, ಬರೆದ ಲಿಪಿಕಾರ, ಅದನ್ನು ಸ್ವೀಕರಿಸಿದ ಮುನಿ ಮುಂತಾದವರ ಹೆಸರುಗಳನ್ನು ದಾಖಲಿಸುವ ಭಾಗಕ್ಕೂ ಪ್ರಶಸ್ತಿಯೆಂದೇ ಹೆಸರು. ಈ ಎರಡು ಅರ್ಥಗಳನ್ನು ಜೊತೆಗಿಟ್ಟು ನೋಡಿದರೆ, ವಿದ್ವತ್ಸಂಸ್ಥೆಯೊಂದು ನೀಡುವ ಗೌರವವು ಯಾವ ಬಗೆಯ ಸೇವೆಯನ್ನು ಗಣನೆಗೆ ತಂದುಕೊಳ್ಳಬೇಕೆಂಬುದು ವಿಶದವಾಗುತ್ತದೆ.

1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತು ದತ್ತಿನಿಧಿಗಳ ಮೂಲಕ ಅನೇಕ ಪುರಸ್ಕಾರಗಳನ್ನು ನೀಡುತ್ತ ಬಂದಿದೆ. ಶ್ರವಣಬೆಳಗೊಳದ ಶ್ರೀಮಠದ ದತ್ತಿಯಿಂದ ನಡೆಯುವ ಚಾವುಂಡರಾಯ ಪ್ರಶಸ್ತಿಯು ಇವುಗಳಲ್ಲಿ ಒಂದು. ಜೈನಸಾಹಿತ್ಯದ ಅಧ್ಯಯನದಲ್ಲಿ ಗಣ್ಯವಾದ ಸೇವೆ ಸಲ್ಲಿಸಿದ ವಿದ್ವಾಂಸರಿಗೆ ಇದು ಸಲ್ಲುತ್ತದೆ. ಹೆಸರಿನ ಆಯ್ಕೆ ಅತ್ಯಂತ ಉಚಿತವಾಗಿದೆ. ಚಾವುಂಡರಾಯನು ಗೊಮ್ಮಟಮೂರ್ತಿಯನ್ನು ಮಾಡಿಸಿದವನು ಮಾತ್ರವಲ್ಲ. 978ರಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಕನ್ನಡ ಗದ್ಯದಲ್ಲಿ ರಚಿಸಿದ ಗ್ರಂಥಕರ್ತೃ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರವನ್ನು ಸಂಗ್ರಹಿಸಿದುದು ಆತನ ನಿಮಿತ್ತವಾಗಿಯೇ. ಹೀಗೆ ಬರೆದವನೂ ಬರೆಯಿಸಿದವನೂ ಒಬ್ಬನೇ ಆಗಿದ್ದಾನೆ.

ಬರೆಯಿಸುವುದನ್ನು ನಮ್ಮ ಪೂರ್ವಿಕರು ಬರೆಯುವುದಕ್ಕಿಂತ ಕಡಮೆಯೆಂದು ತಿಳಿದಿರಲಿಲ್ಲ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿ ಸರ್ವವಿದಿತ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದ ಧವಲಾ ಪ್ರತಿಯ ಪ್ರಶಸ್ತಿಯು, ದೇಮಿಯಕ್ಕನು ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಯಲ್ಲಿ ಅದನ್ನು ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದುದನ್ನು ತಿಳಿಸುತ್ತದೆ. ಮಹಾಬಂಧದ ಪ್ರತಿಯು ಮಲ್ಲಿಕಬ್ಬೆಯಿಂದ ಮಾಘನಂದಿ ಮುನಿಗಳಿಗೆ ಸಂದುದು. ಈ ಶ್ರಾವಿಕೆಯರು ಗ್ರಂಥಕರ್ತೃಗಳಲ್ಲ. ಆದರೂ ಇವರಿಲ್ಲದಿದ್ದರೆ ಷಟ್ಖಂಡಾಗಮವು ನಮ್ಮ ಕಾಲದವರೆಗೆ ಬರುತ್ತಿತ್ತೆಂದು ಹೇಳಲಾಗದು. ಗ್ರಂಥಪ್ರಶಸ್ತಿಯು ಇವರನ್ನು ಮರೆಯಲಿಲ್ಲವೆಂಬುದು ಗಮನಾರ್ಹ.

ಆಧುನಿಕ ಕಾಲದಲ್ಲಿಯೂ ಇದೇ ಬಗೆಯ ಪರಿಶ್ರಮ ನಡೆದಿದೆ. 1896ರಲ್ಲಿ ಮೂಡಬಿದಿರೆಯಲ್ಲಿ ಹಳೆಯ ಕನ್ನಡ ಲಿಪಿಯ ಈ ಓಲೆಗಳಿಂದ ಹೊಸ ಪ್ರತಿ ತೆಗೆಯುವ ಕಾರ್ಯ ಆರಂಭವಾಗಿ ಎರಡು ದಶಕಗಳಿಗೂ ಮೀರಿ ಸಾಗಿತು. ಅಲ್ಲಿಂದ ಹೊರಟ ನಕಲುಗಳ ನಕಲುಗಳನ್ನು ಆಧರಿಸಿ 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಪ್ರಕಟವಾಯಿತು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ, ಸಂಪಾದಕರಿಗೆ ದೊರೆತಿದ್ದ ನಕಲುಗಳಲ್ಲಿ ‘ಸಂಜದ’ ಎಂಬ ಪದವಿರಲಿಲ್ಲ. ಸಂದರ್ಭಾನುಸಾರ ಅದು ಇಲ್ಲಿರಬೇಕೆಂದು ಅವರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ಮೂಡಬಿದಿರೆಯ ಓಲೆಗಳನ್ನೇ ತೆರೆದು ನೋಡಿದಾಗ ಆ ಪದವು ದೊರೆಯಿತು. ಮಾನುಷಿಯರ ಗುಣಸ್ಥಾನಗಳ ವಿಚಾರವು ಈ ಒಂದು ಪದವನ್ನು ಅವಲಂಬಿಸಿರುವುದರಿಂದ ಪಂಡಿತರಲ್ಲಿ ದೀರ್ಘ ಚರ್ಚೆ ನಡೆಯಿತು. ಆ ಚರ್ಚೆಯ ನಿರ್ಣಯವನ್ನು ಕುರಿತು ಇಲ್ಲಿ ವಿವೇಚಿಸಬೇಕಾಗಿಲ್ಲ. ಒಬ್ಬ ಲಿಪಿಕಾರನ ಕಣ್ತಪ್ಪಿನಿಂದ ಸಿದ್ಧಾಂತವೇ ಚರ್ಚೆಗೆ ಒಳಗಾಗಬಹುದು, ಹಳೆಯ ಲಿಪಿಯನ್ನು ಓದಬಲ್ಲವನ ಕಣ್ಣಿನಿಂದ ಶುದ್ಧಪಾಠವು ಮರಳಿ ಬರಬಹುದು ಎಂಬುದಷ್ಟೇ ಪ್ರಕೃತ.

ಹೀಗೆ ಓಲೆಯನ್ನು ಓದಿ ಪದವನ್ನು ದೃಢಪಡಿಸಿದವನ ಸೇವೆಗೆ ಮುಖಪುಟದಲ್ಲಿ ಸ್ಥಾನವಿರುವುದಿಲ್ಲ. ಪ್ರಕಟಿತ ಗ್ರಂಥಗಳ ಸಂಖ್ಯೆಯಿಂದಲೇ ಯೋಗ್ಯತೆಯನ್ನು ಅಳೆದರೆ ಆತನು ಲೆಕ್ಕಕ್ಕೆ ಬರುವುದೇ ಇಲ್ಲ. ಆದುದರಿಂದ ನಮ್ಮ ಕ್ಷೇತ್ರದ ಪುರಸ್ಕಾರಗಳನ್ನು ನಿರ್ಣಯಿಸುವವರು ಸ್ವತಂತ್ರ ಕೃತಿಗಳೊಡನೆ ವರ್ಣನಾತ್ಮಕ ಸೂಚಿ, ಪಾಠಾಂತರಗಳ ಸಂಗ್ರಹ, ಓಲೆಗರಿಗಳ ಸಂರಕ್ಷಣೆ, ಲಿಪಿಬೋಧನೆ ಇವುಗಳನ್ನೂ ಸಮಾನವಾಗಿ ಪರಿಗಣಿಸುವುದು ನ್ಯಾಯ. ಅಭಿನಂದನಪತ್ರದಲ್ಲಿ ಬರಿಯ ವಿಶೇಷಣಗಳನ್ನು ಪೋಣಿಸದೆ, ಯಾವ ಭಂಡಾರದ ಯಾವ ಪ್ರತಿಯನ್ನು ವಿದ್ವಾಂಸನು ಬೆಳಕಿಗೆ ತಂದನೆಂಬುದನ್ನು ಹೆಸರಿಸುವುದು ಯುಕ್ತ. ಆಗ ಅದು ನಿಜವಾದ ಅರ್ಥದಲ್ಲಿ ಪ್ರಶಸ್ತಿಯೆನಿಸುವುದು.

ಈ ಮಾತಿಗೆ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಕಾರ್ಯವೇ ನಿದರ್ಶನ. ಮೂಡಬಿದಿರೆ, ಕಾರ್ಕಳ ಮೊದಲಾದ ಕಡೆಗಳ ಭಂಡಾರಗಳನ್ನು ಶೋಧಿಸಿ ಅವರು ಸಿದ್ಧಪಡಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನು 1948ರಲ್ಲಿ ಭಾರತೀಯ ಜ್ಞಾನಪೀಠವು ಪ್ರಕಟಿಸಿತು. ಸೂಚಿಯನ್ನು ಯಾರೂ ಆದ್ಯಂತವಾಗಿ ಓದುವುದಿಲ್ಲ. ಆದರೆ ಅದರ ನೆರವಿಲ್ಲದೆ ಸಂಪಾದನಕಾರ್ಯವು ಸಾಗುವುದೂ ಇಲ್ಲ. ಕಾರ್ಕಳದಿಂದ ಘಟ್ಟವನ್ನೇರಿ ತುಂಗೆಯ ದಡದ ನೆಮ್ಮಾರ್ ಮಾರ್ಗವಾಗಿ ಬಂದರೆ ಶೃಂಗೇರಿಯ ಪಾರ್ಶ್ವನಾಥ ಬಸದಿಯಿದೆ. ಅದರಾಚೆ ನರಸಿಂಹರಾಜಪುರದಲ್ಲಿ ಸಿಂಹನಗದ್ದೆಯ ಜ್ವಾಲಾಮಾಲಿನಿಯ ಕ್ಷೇತ್ರವಿದೆ. ಮಲೆನಾಡಿನ ಮಳೆ, ಥಂಡಿ, ಗೆದ್ದಲುಗಳು ಓಲೆಗರಿಗೆ ಪರಮಶತ್ರುಗಳು. ಇಂತಹ ಸೀಮೆಯಲ್ಲಿ ವರ್ಷವರ್ಷವೂ ಕಟ್ಟುಗಳನ್ನು ಬಿಚ್ಚಿ, ಧೂಳು ತೆಗೆದು, ಎಣ್ಣೆ ಸವರಿ, ಮತ್ತೆ ಕಟ್ಟಿಡುವವರೂ ಶ್ರುತಸೇವಕರೇ. ದೇಮಿಯಕ್ಕ, ಮಲ್ಲಿಕಬ್ಬೆಯರ ಹೆಸರನ್ನು ಎಂಟು ಶತಮಾನಗಳಿಗೂ ಮೀರಿ ಹೊತ್ತುತಂದ ಪರಂಪರೆಯು ಇವರ ಹೆಸರನ್ನೂ ಬರೆದಿಡಲಿ ಎಂಬುದೇ ನಮ್ಮ ಆಶಯ.