‘ಮನೆಯಲ್ಲಿ ಓದಿಕೊಳ್ಳಿ’ ಎಂದು ಬಿಡಬಾರದ ಪಾಠ: ಮಹಿಳೆಯರ ಲೈಂಗಿಕ ಆರೋಗ್ಯ ಮತ್ತು ಎಚ್‌ಐವಿ ಅರಿವು

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಜೀವಿಗಳ ಸಂತಾನೋತ್ಪತ್ತಿಯ ಅಧ್ಯಾಯವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಉತ್ಸಾಹದಿಂದ ಆರಂಭಿಸುತ್ತಾರೆ. ಅಮೀಬಾದ ವಿದಳನ, ದಾಸವಾಳದ ಹೂವಿನ ಭಾಗಗಳು, ಪರಾಗಸ್ಪರ್ಶ ಎಲ್ಲಕ್ಕೂ ಚಾರ್ಟು, ಮಾದರಿ ಸಿದ್ಧವಿರುತ್ತವೆ. ಅಧ್ಯಾಯದ ಕೊನೆಗೆ ಬರುವ ಪ್ರಜನನ ಆರೋಗ್ಯದ ಭಾಗಕ್ಕೆ ಬಂದಾಗ ಮಾತ್ರ ಧ್ವನಿ ತಗ್ಗುತ್ತದೆ. ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂಬ ಸೂಚನೆಯೊಂದಿಗೆ ಪಾಠ ಮುಗಿಯುತ್ತದೆ. ದಾವಣಗೆರೆ ನಗರ ಮತ್ತು ಹರಿಹರದ ಶಾಲೆಗಳಲ್ಲಿ ಪಾಠಗಳನ್ನು ಅವಲೋಕಿಸುವಾಗ ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಗೊನೊರಿಯಾ, ಸಿಫಿಲಿಸ್, ಎಚ್‌ಐವಿ, ಕಾಂಡೋಮ್ ಇವೆಲ್ಲ ಪಠ್ಯದಲ್ಲೇ ಇರುವ ಪದಗಳು. ಶಿಕ್ಷಕರು ಬಿಟ್ಟ ಈ ಪುಟವನ್ನು ಮನೆಯಲ್ಲಿ ಹೇಳಿಕೊಡುವವರು ಯಾರು? ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಓದು ನಿಲ್ಲುವ ಹುಡುಗಿಗೆ ತನ್ನ ದೇಹದ ಬಗ್ಗೆ ಸರಿಯಾದ ಮಾತು ಕೇಳಲು ಸಿಗುವ ಕೊನೆಯ ಅವಕಾಶ ಇದೇ ಆಗಿರಬಹುದು. ಆದ್ದರಿಂದ ಈ ಭಾಗದ ಬೋಧನೆಗೆ ಬೇಕಾದ ವಿಷಯಜ್ಞಾನ ಮತ್ತು ತರಗತಿಯ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ವಿಷಯಜ್ಞಾನ

ಎಚ್‌ಐವಿ ಒಂದು ವೈರಸ್. ಅದು ರಕ್ತದಲ್ಲಿನ ಸಿಡಿ4 ಎಂಬ ರಕ್ಷಕ ಕೋಶಗಳನ್ನು ಹೊಕ್ಕು ನಾಶಮಾಡುತ್ತದೆ. ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದಾಗ ರೋಗನಿರೋಧಕ ಶಕ್ತಿ ಕುಸಿದು ಕ್ಷಯದಂತಹ ಕಾಯಿಲೆಗಳು ಮುತ್ತಿಕೊಳ್ಳುವ ಹಂತವೇ ಏಡ್ಸ್. ಎರಡೂ ಒಂದೇ ಅಲ್ಲ ಎಂಬುದು ಮೊದಲ ಕಲಿಕಾಂಶ.

ಹರಡುವ ದಾರಿಗಳು ನಾಲ್ಕು: ಸೋಂಕಿತರೊಂದಿಗೆ ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಬಳಸಿದ ಸೂಜಿ, ಮತ್ತು ತಾಯಿಯಿಂದ ಮಗುವಿಗೆ. ಒಂದೇ ಬೆಂಚಿನಲ್ಲಿ ಕೂರುವುದರಿಂದ, ಬಿಸಿಯೂಟ ಹಂಚಿಕೊಳ್ಳುವುದರಿಂದ, ಶೌಚಾಲಯ ಬಳಸುವುದರಿಂದ ಹರಡುವುದಿಲ್ಲ. ‘ಸೊಳ್ಳೆ ಕಚ್ಚಿದರೆ?’ ಎಂದು ಯಾವ ತರಗತಿಯಲ್ಲಾದರೂ ಒಬ್ಬರು ಕೇಳೇ ಕೇಳುತ್ತಾರೆ. ‘ಇಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಈ ವೈರಸ್ ಸೊಳ್ಳೆಯ ದೇಹದಲ್ಲಿ ಬೆಳೆಯಲಾರದು, ಸೊಳ್ಳೆ ಹೀರಿದ ರಕ್ತವನ್ನು ಇನ್ನೊಬ್ಬರಿಗೆ ಚುಚ್ಚುವುದೂ ಇಲ್ಲ ಎಂದು ಕಾರಣ ಹೇಳಿದಾಗ ಭಯ ಹೋಗುತ್ತದೆ.

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. 2004ರಲ್ಲಿ ಸರ್ಕಾರ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭಿಸಿತು. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ, ಸಿಡಿ4 ಎಣಿಕೆ ಎಷ್ಟೇ ಇರಲಿ, ಚಿಕಿತ್ಸೆ ಸಿಗುತ್ತಿದೆ. ಮಾತ್ರೆಯನ್ನು ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾಗಿ, ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಸೋಂಕು ಹರಡುವುದಿಲ್ಲ. ಯಾವುದೇ ಕ್ರಮ ಕೈಗೊಳ್ಳದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ಶೇ. 15ರಿಂದ 45. ಚಿಕಿತ್ಸೆ ಪಡೆದರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರಗಳ ಕಾಲದ ಪಾಠವನ್ನು ಇನ್ನೂ ಹೇಳುವುದು ವಿಜ್ಞಾನವಲ್ಲ.

ಮಹಿಳೆಯರ ಮಾತು ಬೇರೆಯಾಗಿ ಏಕೆ?

ಮೊದಲನೆಯದು ದೇಹರಚನೆ. ಯೋನಿಯ ಒಳಪದರದ ವಿಸ್ತಾರ ಹೆಚ್ಚು, ವೀರ್ಯ ಅಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಹಾಗಾಗಿ ಪುರುಷನಿಂದ ಮಹಿಳೆಗೆ ಸೋಂಕು ತಗಲುವುದು ಸುಲಭ. ಎರಡನೆಯದು, ಲೈಂಗಿಕ ಸೋಂಕುಗಳ ಲಕ್ಷಣ ಮಹಿಳೆಯರಲ್ಲಿ ಬಹಳ ಸಲ ಹೊರಗೆ ಕಾಣುವುದೇ ಇಲ್ಲ. ಕಂಡರೂ ‘ಬಿಳಿ ಹೋಗುವುದು ಹೆಣ್ಣಿಗೆ ಇದ್ದದ್ದೇ’ ಎಂದು ಸುಮ್ಮನಾಗುತ್ತಾರೆ. ತೆಳುವಾದ, ವಾಸನೆಯಿಲ್ಲದ ಸ್ರಾವ ಸಹಜ. ಬಣ್ಣ, ವಾಸನೆ, ತುರಿಕೆ, ಕಿಬ್ಬೊಟ್ಟೆ ನೋವು ಇದ್ದರೆ ವೈದ್ಯರಿಗೆ ತೋರಿಸಬೇಕು. ಗೊನೊರಿಯಾದಂತಹ ಸೋಂಕಿಗೆ ಚಿಕಿತ್ಸೆಯಾಗದಿದ್ದರೆ ಗರ್ಭನಾಳ ಮುಚ್ಚಿಹೋಗಬಹುದು. ಆಗ ಊರು ಅವಳನ್ನು ಬಂಜೆ ಎನ್ನುತ್ತದೆಯೇ ಹೊರತು ಕಾರಣ ಕೇಳುವುದಿಲ್ಲ. ಚಿಕಿತ್ಸೆ ಗಂಡ ಹೆಂಡತಿ ಇಬ್ಬರಿಗೂ ಆಗಬೇಕು. ಒಬ್ಬರಿಗಷ್ಟೇ ಆದರೆ ಸೋಂಕು ಮರಳಿ ಬರುತ್ತದೆ.

ಮೂರನೆಯದು ಸಾಮಾಜಿಕ ಕಾರಣ. ನಮ್ಮ ದೇಶದಲ್ಲಿ ಸೋಂಕಿತ ಮಹಿಳೆಯರಲ್ಲಿ ಬಹುಪಾಲು ಮಂದಿಗೆ ಅದು ಬಂದಿರುವುದು ಮದುವೆಯೊಳಗೆ, ಗಂಡನಿಂದ. ಆದರೆ ಬಸುರಿಯಾದಾಗ ಮೊದಲು ಪರೀಕ್ಷೆಗೆ ಒಳಗಾಗುವವಳು ಅವಳು. ಹೀಗಾಗಿ ಮನೆಗೆ ಸುದ್ದಿ ತಂದವಳೇ ರೋಗ ತಂದವಳಾಗುತ್ತಾಳೆ. ಗಂಡ ತೀರಿಕೊಂಡರೆ ‘ಗಂಡನನ್ನು ತಿಂದುಕೊಂಡವಳು’ ಎಂಬ ಮಾತು ಸೇರುತ್ತದೆ. ಎಚ್‌ಐವಿ ಇರುವ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ ಸುಮಾರು 6 ಪಟ್ಟು ಹೆಚ್ಚು; ಅವರಿಗೆ ನಿಯತ ತಪಾಸಣೆ ಅಗತ್ಯ.

ನಮ್ಮ ಊರು, ನಮ್ಮ ಉದಾಹರಣೆ

‘ಸ್ಥಳೀಯ ಉದಾಹರಣೆ ಕೊಡಿ’ ಎಂದು ನಾವೇ ಹೇಳುತ್ತೇವೆ. ಈ ಪಾಠದಲ್ಲಿ ಅದಕ್ಕೆ ಎಚ್ಚರ ಬೇಕು. ದಾವಣಗೆರೆ, ಹರಿಹರಗಳು ಪುಣೆ–ಬೆಂಗಳೂರು ಹೆದ್ದಾರಿಯ ಊರುಗಳು. ಲಾರಿ, ಮಂಡಿ, ಕಾರ್ಖಾನೆಗಳ ಊರುಗಳು. ‘ಲಾರಿ ಚಾಲಕರಿಂದ ಬರುತ್ತದೆ’ ಎಂದು ಪ್ರಶಿಕ್ಷಣಾರ್ಥಿ ಸಲೀಸಾಗಿ ಹೇಳಿಬಿಟ್ಟರೆ, ಅದೇ ತರಗತಿಯಲ್ಲಿ ಚಾಲಕರ ಮಗಳು ಕೂತಿರುತ್ತಾಳೆ. ಸೋಂಕು ಬರುವುದು ವೃತ್ತಿಯಿಂದಲ್ಲ, ಅಸುರಕ್ಷಿತ ನಡವಳಿಕೆಯಿಂದ. ವಾಕ್ಯದ ಕರ್ತೃಪದವಾಗಿ ಯಾವ ಜಾತಿ, ಕಸುಬು, ಕೇರಿಯೂ ಬರಬಾರದು.

ಸಮುದಾಯದ ಬಲಕ್ಕೆ ಮೈಸೂರಿನ ಆಶೋದಯ ಸಮಿತಿ ಒಳ್ಳೆಯ ಉದಾಹರಣೆ. 2004ರಲ್ಲಿ ಆರಂಭವಾದ ಕಾರ್ಯಕ್ರಮದಿಂದ ಬೆಳೆದ ಈ ಸಂಘಟನೆಯನ್ನು ನಡೆಸುವವರು ಲೈಂಗಿಕ ವೃತ್ತಿಯಲ್ಲಿರುವವರೇ. ಸಮಾಜ ಯಾರನ್ನು ಅಪಾಯವೆಂದು ದೂರವಿಟ್ಟಿತೋ ಅವರೇ ತಮ್ಮವರಿಗೆ ಸುರಕ್ಷತೆಯ ಪಾಠ ಹೇಳುವವರಾದರು. ಇದನ್ನು ಹತ್ತನೆಯ ತರಗತಿಗೆ ಹೇಳಬೇಕಿಲ್ಲ, ಶಿಕ್ಷಕರಾಗುವವರು ತಿಳಿದಿರಬೇಕು.

ತರಗತಿಯ ಕ್ರಮ

1. ಪಾಠಕ್ಕೆ ಮುಂಚೆ ಮಾರ್ಗದರ್ಶಕ ಶಿಕ್ಷಕರು ಮತ್ತು ಮುಖ್ಯೋಪಾಧ್ಯಾಯರಿಗೆ ಪಾಠಯೋಜನೆ ತೋರಿಸಿ. ಇದು ಪಠ್ಯದ ಭಾಗವೇ ಎಂಬುದು ನಿಮ್ಮ ಬಲ.

2. ಎರಡು ದಿನ ಮೊದಲು ಪ್ರಶ್ನೆ ಪೆಟ್ಟಿಗೆ ಇಡಿ. ಹೆಸರು ಬೇಡ. ಎಲ್ಲರೂ ಚೀಟಿ ಹಾಕಲಿ, ಪ್ರಶ್ನೆ ಇಲ್ಲದವರು ಖಾಲಿ ಚೀಟಿ ಹಾಕಲಿ. ಆಗ ಯಾರು ಬರೆದರೆಂದು ಯಾರಿಗೂ ತಿಳಿಯದು.

3. ಶಾಸ್ತ್ರೀಯ ಪದದ ಜೊತೆಗೆ ಮನೆಯ ಮಾತನ್ನೂ ಬಳಸಿ. ಋತುಸ್ರಾವ ಎಂದರೆ ಮುಟ್ಟು ಎಂದು ಒಮ್ಮೆ ಹೇಳಿದರೆ ಪಾಠ ಅವರದಾಗುತ್ತದೆ.

4. ಹುಡುಗರನ್ನು ಹೊರಗೆ ಕಳಿಸಬೇಡಿ. ಮುಟ್ಟಿನ ವೈಯಕ್ತಿಕ ಪ್ರಶ್ನೆಗಳಿಗೆ ಹುಡುಗಿಯರೊಂದಿಗೆ ಪ್ರತ್ಯೇಕ ಅವಧಿ ಇರಲಿ. ಆದರೆ ಸೋಂಕು, ಸಮ್ಮತಿ, ಗೌರವ ಇವು ಇಬ್ಬರೂ ಕೂಡಿ ಕೇಳಬೇಕಾದ ಮಾತು.

5. ಮೌಲ್ಯಮಾಪನದಲ್ಲಿ ‘ಎಚ್‌ಐವಿಯ ವಿಸ್ತೃತ ರೂಪ ಬರೆಯಿರಿ’ ಎಂಬುದಷ್ಟಕ್ಕೇ ನಿಲ್ಲಬೇಡಿ. ‘ನಿಮ್ಮ ಪಕ್ಕದ ಮನೆಯವರಿಗೆ ಸೋಂಕಿದೆ ಎಂದು ಯಾರೋ ಹೇಳಿದರು, ನೀವೇನು ಮಾಡುವಿರಿ?’ ಎಂದು ಕೇಳಿ.

ಕಾನೂನು ಮತ್ತು ಆಸರೆ

ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, 2017, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಶಾಲೆಯಲ್ಲಿ ಪ್ರವೇಶ ನಿರಾಕರಿಸುವಂತಿಲ್ಲ, ಬೇರೆ ಕೂರಿಸುವಂತಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಿಸುವಂತಿಲ್ಲ, ಒಬ್ಬರ ಸ್ಥಿತಿಯನ್ನು ಹೊರಗೆಡಹುವಂತಿಲ್ಲ. ಅಧ್ಯಾಪಕರ ಕೊಠಡಿಯ ಪಿಸುಮಾತೂ ಇದರಲ್ಲಿ ಸೇರುತ್ತದೆ. ಇನ್ನೊಂದು ಅಂಶ ನಮಗೆ ಮುಖ್ಯ: ಸೋಂಕು ಬಾಧಿತ ಕುಟುಂಬವನ್ನು ನೋಡಿಕೊಳ್ಳುತ್ತಿರುವ, 12ರಿಂದ 18 ವರ್ಷದೊಳಗಿನ, ತಿಳಿವಳಿಕೆಯುಳ್ಳ ಅಕ್ಕ ಅಥವಾ ಅಣ್ಣ ತಮ್ಮಂದಿರ, ತಂಗಿಯರ ಶಾಲಾ ಪ್ರವೇಶಕ್ಕೆ ಪಾಲಕರಾಗಿ ಸಹಿ ಮಾಡಬಹುದು. ಪಾಠದ ನಂತರ ಮಗು ದೌರ್ಜನ್ಯದ ಸಂಗತಿ ಹೇಳಿಕೊಂಡರೆ, 2012ರ ಪೋಕ್ಸೊ ಕಾಯ್ದೆಯಂತೆ ಅದನ್ನು ವರದಿ ಮಾಡುವುದು ಶಿಕ್ಷಕರ ಕರ್ತವ್ಯ. ‘ಯಾರಿಗೂ ಹೇಳುವುದಿಲ್ಲ’ ಎಂದು ಮೊದಲೇ ಮಾತು ಕೊಡಬೇಡಿ.

ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಆಪ್ತಸಮಾಲೋಚನೆ, ಪರೀಕ್ಷೆ, ಎಆರ್‌ಟಿ ಚಿಕಿತ್ಸೆ ಉಚಿತ. ತಾಲ್ಲೂಕು ಆಸ್ಪತ್ರೆಗಳಲ್ಲೂ ಪರೀಕ್ಷೆ ಮಾಡುತ್ತಾರೆ. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳಿವೆ. 1097 ಉಚಿತ ಸಹಾಯವಾಣಿ. ಕರೆ ಮಾಡಿದವರ ವಿವರ ಗುಪ್ತ. ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು ಒಂದು ವಾರ ಅಳಿಸದೆ ಬಿಡಿ. ಅವು ಯಾರಿಗೆ ಬೇಕು ಎಂದು ಕೇಳಬೇಡಿ; ಬೇಕಾದವರು ಬರೆದುಕೊಳ್ಳುತ್ತಾರೆ.

ಸಹ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ. ಬೋಧನಾಭ್ಯಾಸದ ಪಾಠಗಳನ್ನು ಹಂಚುವಾಗ ಈ ಭಾಗವನ್ನು ಒಂದು ಪೂರ್ಣ ಅವಧಿಯ ಪಾಠವಾಗಿ ಕೊಡಿ, ಮತ್ತು ಆ ಅವಧಿಗೆ ತಪ್ಪದೆ ಅವಲೋಕನಕ್ಕೆ ಹೋಗಿ. ಹಿಂದಿನ ಬೆಂಚಿನಲ್ಲಿ ನಾವು ಕೂತಿದ್ದರೆ ಪ್ರಶಿಕ್ಷಣಾರ್ಥಿಗೆ ಧೈರ್ಯ, ಮಕ್ಕಳಿಗೆ ಇದು ನಾಚಿಕೆಯ ವಿಷಯವಲ್ಲ ಎಂಬ ಸೂಚನೆ.