ಹಳೆಯ ಮೋಟಾರು ಕಾರಿಗೆ ಹೊಸ ದೀಪ: ಒಂದು ವಿವೇಚನೆ

ಶಾಸನ, ನಾಣ್ಯ, ಕಡತಗಳು ಮಾತ್ರವೇ ಚರಿತ್ರೆಗೆ ಆಧಾರಗಳಲ್ಲ. ಜನರು ದಿನನಿತ್ಯ ಬಳಸಿದ ಉಪಕರಣಗಳೂ ಆಧಾರಗಳೇ ಆಗಿವೆ. ಹಳೆಯ ಮೋಟಾರು ಕಾರು ಅಂತಹ ಆಧಾರಗಳಲ್ಲಿ ಒಂದು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಿಂದ ಬೆಳೆದು, 1950ರ ದಶಕದ ಉತ್ತರಾರ್ಧದಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಡರ್ ಕಾರನ್ನು ಅರಿಯದವರು ನಮ್ಮಲ್ಲಿ ವಿರಳ. ಇಂದಿಗೂ ಅಲ್ಲಲ್ಲಿ ಓಡಾಡುತ್ತಿರುವ ಈ ಕಾರುಗಳಿಗೆ ಅವುಗಳ ಒಡೆಯರು ಎಲ್‌ಇಡಿ ದೀಪಗಳನ್ನು ಕೂಡಿಸುತ್ತಿದ್ದಾರೆ. ಈ ಕಾರ್ಯ ಎಲ್ಲಿ ಉಚಿತ, ಎಲ್ಲಿ ಅನುಚಿತ ಎಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಮೊದಲು ದೀಪಗಳ ಇತಿಹಾಸವನ್ನು ಸಂಕ್ಷೇಪವಾಗಿ ನೋಡೋಣ. ಆದಿಯಲ್ಲಿ ಮೋಟಾರು ವಾಹನಗಳಿಗೆ ಎಣ್ಣೆಯ ದೀಪಗಳೂ, ಕಾರ್ಬೈಡಿಗೆ ನೀರು ತೊಟ್ಟಿಕ್ಕಿಸಿ ಪಡೆದ ಅಸಿಟಲೀನ್ ಅನಿಲದ ದೀಪಗಳೂ ಇದ್ದವು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ವಿದ್ಯುತ್ತಿನ ಚಾಲಕಯಂತ್ರವೂ ವಿದ್ಯುದ್ದೀಪಗಳೂ ಒಟ್ಟಿಗೆ ಬಂದವು. 1962ನೆಯ ವರ್ಷವು ಎರಡು ಕಾರಣಗಳಿಂದ ಗಮನಾರ್ಹವಾದುದು. ಯೂರೋಪಿನಲ್ಲಿ ಹ್ಯಾಲೋಜನ್ ಬಲ್ಬು ಕಾರಿಗೆ ಬಂದದ್ದು ಆ ವರ್ಷ. ಅಮೆರಿಕದಲ್ಲಿ ನಿಕ್ ಹೋಲೊನ್ಯಾಕರು ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ನಿರ್ಮಿಸಿದ್ದೂ ಅದೇ ವರ್ಷ. ಎರಡು ತಂತುಗಳುಳ್ಳ ಎಚ್4 ಹ್ಯಾಲೋಜನ್ ಬಲ್ಬು 1971ರಲ್ಲಿ ಬಳಕೆಗೆ ಬಂದಿತು. ಎಲ್‌ಇಡಿಯಾದರೋ ಬಿಳಿಯ ಬೆಳಕನ್ನು ಕೊಡಲು ನೀಲಿ ಎಲ್‌ಇಡಿಯ ಆವಿಷ್ಕಾರಕ್ಕಾಗಿ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ವಿಜ್ಞಾನಿಗಳಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಕಾರಿನ ಮುಂಭಾಗದ ಮುಖ್ಯ ದೀಪವಾಗಿ ಎಲ್‌ಇಡಿ ಕಾಣಿಸಿಕೊಂಡದ್ದು 2007ರಲ್ಲಿ, ಜಪಾನಿನ ಲೆಕ್ಸಸ್ ಕಾರಿನಲ್ಲಿ.

ಈಗ ಹೆಡ್‌ಲೈಟಿನ ರಚನೆಯನ್ನು ಪರಿಶೀಲಿಸೋಣ. ಬಲ್ಬೊಂದೇ ಹೆಡ್‌ಲೈಟಲ್ಲ. ತಂತು, ಅದರ ಹಿಂದಿರುವ ಬೋಗುಣಿಯಾಕಾರದ ಪ್ರತಿಫಲಕ, ಮುಂದಿರುವ ಗೀರುಗಾಜು—ಈ ಮೂರೂ ಕೂಡಿ ಒಂದೇ ಯಂತ್ರ. ಪ್ರತಿಫಲಕದ ನಾಭಿಯಲ್ಲಿ ಬೆಳಕು ಹುಟ್ಟಿದರೆ ಕಿರಣಗಳು ಸಮಾನಾಂತರವಾಗಿ ದೂರಕ್ಕೆ ಹೋಗುತ್ತವೆ. ಎದುರಿನಿಂದ ವಾಹನ ಬಂದಾಗ ನಾವು ‘ಡಿಮ್’ ಮಾಡುತ್ತೇವಷ್ಟೆ. ಆಗ ಎಚ್4 ಬಲ್ಬಿನಲ್ಲಿ ಉರಿಯುವ ಇನ್ನೊಂದು ತಂತು ನಾಭಿಗಿಂತ ಸ್ವಲ್ಪ ಮುಂದೆ ಇರುತ್ತದೆ. ಅದರ ಕೆಳಗೆ ಲೋಹದ ಪುಟ್ಟ ಮರೆಯೊಂದುಂಟು. ಆ ಮರೆಯಿಂದಾಗಿ ಬೆಳಕು ಪ್ರತಿಫಲಕದ ಮೇಲರ್ಧಕ್ಕೆ ಮಾತ್ರ ತಗುಲಿ ರಸ್ತೆಯ ಕಡೆಗೆ ಇಳಿಯುತ್ತದೆ. ಎದುರು ಬರುವವನ ಕಣ್ಣಿಗೆ ಏರುವುದಿಲ್ಲ. ಇಲ್ಲಿ ಒಂದೆರಡು ಮಿಲಿಮೀಟರುಗಳ ವ್ಯತ್ಯಾಸವೂ ಸಣ್ಣದಲ್ಲ.

ಇಂತಹ ಕೋಶದೊಳಕ್ಕೆ ಎಲ್‌ಇಡಿ ಬಲ್ಬನ್ನು ತೂರಿಸಿದರೆ ಏನಾಗುತ್ತದೆ? ತಂತು ತನ್ನ ಸುತ್ತಲೂ ಬೆಳಕನ್ನು ಚೆಲ್ಲುತ್ತದೆ. ಎಲ್‌ಇಡಿ ಬಲ್ಬಿನಲ್ಲಾದರೋ ಬೆಳಕಿನ ಬಿಲ್ಲೆಗಳು ಸಾಮಾನ್ಯವಾಗಿ ಒಂದು ಲೋಹದ ಪಟ್ಟಿಯ ಎರಡು ಪಕ್ಕಗಳಲ್ಲಿ ಕುಳಿತಿರುತ್ತವೆ. ಪಟ್ಟಿಗೆ ದಪ್ಪವಿರುವುದರಿಂದ ಬೆಳಕಿನ ಮೂಲ ತಂತುವಿನ ಸ್ಥಾನದಲ್ಲಿಯೇ ನಿಲ್ಲಲಾರದು. ನಾವು ಬಂಧುಗಳೊಬ್ಬರ ಹಳೆಯ ಅಂಬಾಸಡರನ್ನು ರಾತ್ರಿ ಒಂದು ಬಿಳಿಯ ಗೋಡೆಯೆದುರು ನಿಲ್ಲಿಸಿ, ಒಂದು ಕಡೆ ಹ್ಯಾಲೋಜನ್ ಬಲ್ಬನ್ನೂ ಇನ್ನೊಂದು ಕಡೆ ಎಲ್‌ಇಡಿ ಬಲ್ಬನ್ನೂ ಉರಿಸಿ ನೋಡಿದೆವು. ಹ್ಯಾಲೋಜನ್ನಿನ ಬೆಳಕಿಗೆ ಮೇಲುಗಡೆ ಸ್ಪಷ್ಟವಾದ ಒಂದು ಅಂಚು ಇದ್ದಿತು. ಎಲ್‌ಇಡಿಯ ಬೆಳಕು ಹೆಚ್ಚು ಬಿಳುಪಾಗಿದ್ದರೂ ಅಂಚು ಕದಡಿ, ಒಂದು ಪಾಲು ಗೋಡೆಯ ಮೇಲ್ಭಾಗಕ್ಕೆ ಹಬ್ಬಿದ್ದಿತು. ಕಾರಿನೊಳಗೆ ಕುಳಿತಿದ್ದವರು ‘ಬೆಳಕು ಬಹಳ ಚೆನ್ನಾಗಿದೆ’ ಎಂದರು. ಗೋಡೆಯ ಬಳಿ ನಿಂತಿದ್ದ ನಾವು ಕಣ್ಣಿಗೆ ಕೈ ಅಡ್ಡ ಹಿಡಿಯಬೇಕಾಯಿತು. ಸಮಸ್ಯೆಯ ಸಾರವೆಲ್ಲವೂ ಈ ಎರಡು ಅನುಭವಗಳ ನಡುವಣ ಅಂತರದಲ್ಲಿದೆ. ಪ್ರಯೋಜನ ಕಂಡವನು ಒಳಗಿದ್ದಾನೆ; ಅಪಾಯ ಉಣ್ಣುವವನು ಹೊರಗಿದ್ದಾನೆ. ರಾತ್ರಿ ಎದುರು ಬರುವ ಸೈಕಲ್ ಸವಾರನಿಗೂ ಎತ್ತಿನ ಗಾಡಿಯವನಿಗೂ ಆ ಕ್ಷಣದ ಕುರುಡು ಪ್ರಾಣಾಂತಿಕವಾಗಬಹುದು.

ಈ ಚಿಂತೆ ಹೊಸದಲ್ಲ. ಹೆಡ್‌ಲೈಟಿನ ಗಾಜಿನ ಮೇಲ್ಭಾಗಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದ ವಾಡಿಕೆಯನ್ನು ಹಿರಿಯರು ಬಲ್ಲರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಮುಂದಿನ ದೀಪದ ಬೆಳಕು ಎದುರಿನವರ ಕಣ್ಣು ಕೋರೈಸದಂತೆ ಕೆಳಕ್ಕೆ ಬಾಗಿರತಕ್ಕದ್ದೆಂದು ವಿಧಿಸುತ್ತವೆ. ತಯಾರಕರು ನಿಗದಿಪಡಿಸಿದ ಲಕ್ಷಣಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಅಧಿನಿಯಮದ 52ನೆಯ ಪ್ರಕರಣವು ನಿರ್ಬಂಧ ಹಾಕಿದೆ. ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬುಗಳಿಗೆ ಅನುಮತಿ ದೊರೆತಿದೆಯಾದರೂ, ಅದು ಪರೀಕ್ಷಿಸಿ ಪಟ್ಟಿಮಾಡಿದ ವಾಹನಗಳಿಗೆ ಮಾತ್ರ. ಬಲ್ಬನ್ನು ಬಿಡಿಯಾಗಿ ಅಳೆಯದೆ ದೀಪಕೋಶದೊಡನೆ ಅಳೆಯಬೇಕೆಂಬ ತತ್ತ್ವವೇ ಅಲ್ಲಿಯೂ ಕೆಲಸಮಾಡಿದೆ.

ಹಾಗಾದರೆ ಎಲ್‌ಇಡಿ ಹಳೆಯ ಕಾರಿಗೆ ಸರ್ವಥಾ ಸಲ್ಲದೆ? ಹಾಗಲ್ಲ. ಕಾರಿನ ದೀಪಗಳು ಎರಡು ಬಗೆ: ನಾವು ನೋಡಲು ಬೇಕಾದವು ಕೆಲವು, ಪರರಿಗೆ ನಾವು ಕಾಣಲು ಬೇಕಾದವು ಕೆಲವು. ಎರಡನೆಯ ಬಗೆಯಲ್ಲಿ ಎಲ್‌ಇಡಿಯಿಂದ ನಿಜವಾದ ಪ್ರಯೋಜನವುಂಟು. ಬ್ರೇಕ್ ದೀಪದ ತಂತು ಕಾದು ಪೂರ್ಣವಾಗಿ ಬೆಳಗಲು ಸುಮಾರು 0.2 ಸೆಕೆಂಡು ಬೇಕು. ಎಲ್‌ಇಡಿ ತತ್‌ಕ್ಷಣ ಬೆಳಗುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹಿಂದೆ ಬರುವ ವಾಹನ ಅಷ್ಟರಲ್ಲಿ ಮೂರು ಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ಹಳೆಯ ಡೈನಮೊ ಎಂಜಿನ್ ನಿಧಾನವಾಗಿ ತಿರುಗುವಾಗ ಅಲ್ಪ ವಿದ್ಯುತ್ತನ್ನೇ ಕೊಡುವುದರಿಂದ, ಎಲ್‌ಇಡಿಯ ಮಿತವ್ಯಯವೂ ಲಾಭಕರ.

ಆದರೆ ಕೆಲವು ಎಚ್ಚರಿಕೆಗಳು ಅವಶ್ಯ. ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯನ್ನೇ ಇಡಬೇಕು. ಬಿಳಿಯ ಎಲ್‌ಇಡಿಯಲ್ಲಿ ಕೆಂಪಿನ ಅಂಶ ಕಡಿಮೆಯಾದ್ದರಿಂದ ಬೆಳಕು ಮಂಕಾಗುತ್ತದೆ. ತಿರುವಿನ ಸೂಚಕದ ಹಳೆಯ ಫ್ಲಾಷರು ಬಲ್ಬುಗಳು ಎಳೆಯುವ ವಿದ್ಯುತ್ತಿನ ಶಾಖದಿಂದ ನಡೆಯತಕ್ಕದ್ದು. 21 ವಾಟಿನ ಬಲ್ಬಿನ ಬದಲು ಎಲ್‌ಇಡಿ ಹಾಕಿದರೆ ಅದು ಮಿನುಗದೆ ನಿಲ್ಲಬಹುದು. ಆಗ ಎಲೆಕ್ಟ್ರಾನಿಕ್ ಫ್ಲಾಷರನ್ನು ಹಾಕುವುದೇ ಸರಿಯಾದ ಪರಿಹಾರ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಅನೇಕವುಗಳಿಗೆ ಬ್ಯಾಟರಿಯ ಧನಾಗ್ರವನ್ನು ಕಾರಿನ ಒಡಲಿಗೆ ಸೇರಿಸಿರುವುದುಂಟು. ತಂತುವಿಗೆ ಧನ-ಋಣಗಳ ಭೇದವಿಲ್ಲ, ಎಲ್‌ಇಡಿಗೆ ಉಂಟು. ಇದನ್ನು ನೋಡದೆ ಕೊಂಡ ಬಲ್ಬು ಉರಿಯದೆ ಹೋಗಬಹುದು.

ಇನ್ನು ಹೆಡ್‌ಲೈಟು ಮಂಕೆಂಬ ದೂರು. ಇದರ ಕಾರಣ ಬಹುಮಟ್ಟಿಗೆ ಬಲ್ಬಿನಲ್ಲಿರುವುದಿಲ್ಲ. ತುಕ್ಕು ಹಿಡಿದ ಅರ್ತ್, ಸವೆದ ಸ್ವಿಚ್ಚು, ಹಳೆಯ ತಂತಿಗಳು ದಾರಿಯಲ್ಲಿಯೇ ವೋಲ್ಟೇಜನ್ನು ನುಂಗುತ್ತವೆ. ತಂತುದೀಪದಲ್ಲಿ ವೋಲ್ಟೇಜು ಶೇಕಡಾ 10ರಷ್ಟು ಕುಗ್ಗಿದರೆ ಬೆಳಕು ಸುಮಾರು ಶೇಕಡಾ 30ರಷ್ಟು ಕುಗ್ಗುತ್ತದೆ. ಆದುದರಿಂದ ಅರ್ತನ್ನು ಶುಚಿಮಾಡಿ, ದಪ್ಪ ತಂತಿಯನ್ನೂ ರಿಲೇಯನ್ನೂ ಅಳವಡಿಸಿ, ಮಸುಕಾದ ಪ್ರತಿಫಲಕವನ್ನು ಬದಲಿಸಿದರೆ 60/55 ವಾಟಿನ ಎಚ್4 ಬಲ್ಬೇ ಬಹಳ ಕಡೆ ಸಾಕಾಗುತ್ತದೆ. ಎಲ್‌ಇಡಿಯೇ ಬೇಕೆಂದಾದರೆ, ಅದಕ್ಕಾಗಿಯೇ ರಚಿಸಿದ, ಪರೀಕ್ಷೆಯಲ್ಲಿ ತೇರ್ಗಡೆಯಾದ, ಎಡಗಡೆಯ ಸಂಚಾರಕ್ಕೆ ಒಪ್ಪುವ ಇಡೀ ದೀಪಕೋಶವನ್ನು, ಕಾನೂನಿನ ಒಪ್ಪಿಗೆಯನ್ನು ವಿಚಾರಿಸಿಕೊಂಡು, ಹಾಕತಕ್ಕದ್ದು.

ಕೊನೆಯದಾಗಿ ಚರಿತ್ರಕಾರನ ಮಾತೊಂದುಂಟು. 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿದ ಕಾರುಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸುವ ನಿಯಮಗಳು 2021ರಲ್ಲಿ ರಚಿತವಾಗಿವೆ. ಹಸ್ತಪ್ರತಿಯ ಸಂಪಾದಕನು ತಿದ್ದುಪಡಿಯನ್ನು ಮಾಡಿದರೂ ಮೂಲಪಾಠವನ್ನು ಅಡಿಯಲ್ಲಿ ಕಾಣಿಸುತ್ತಾನೆ. ಹಳೆಯ ಕಾರಿನ ಒಡೆಯನೂ ಅದೇ ಶಿಸ್ತನ್ನು ಪಾಲಿಸಲಿ. ಮೂಲ ತಂತಿಗಳನ್ನು ಕತ್ತರಿಸಬಾರದು. ತೆಗೆದ ಬಲ್ಬು, ಫ್ಲಾಷರುಗಳನ್ನು ಚೀಟಿ ಬರೆದು ಕಾಪಾಡಬೇಕು. ಮಾಡಿದ ಬದಲಾವಣೆಯನ್ನೂ ಅದರ ದಿನಾಂಕವನ್ನೂ ಬರೆದಿಡಬೇಕು. ಹಾಗೆ ಮಾಡಿದಲ್ಲಿ ಕಾರು ಇಂದಿನ ರಸ್ತೆಗೂ ಸಲ್ಲುತ್ತದೆ, ನಾಳಿನ ಸಂಶೋಧಕನಿಗೂ ಸಾಕ್ಷಿಯಾಗಿ ಉಳಿಯುತ್ತದೆ. ಹೆಡ್‌ಲೈಟನ್ನು ಮುಟ್ಟುವ ಮುನ್ನವಂತೂ ಒಡೆಯನು ಒಮ್ಮೆ ಕಾರಿನಿಂದಿಳಿದು, ಎದುರಿಗೆ ಹೋಗಿ ನಿಂತು ನೋಡಲಿ.