ನಿಮಗಿದು ಗೊತ್ತೇ? ಉಣ್ಣೆಗೆ ಅಡುಗೆಮನೆಯ ಬಣ್ಣ

ಬಣ್ಣ ಮಾಸಿದ ಸ್ವೆಟರು, ಶಾಲು, ಮಫ್ಲರುಗಳಿಗೆ ಮನೆಯಲ್ಲೇ ಹೊಸ ಬಣ್ಣ ಕೊಡಬಹುದು. ಬೇಕಾಗುವ ಸಾಮಾನುಗಳಲ್ಲಿ ಅರ್ಧ ತಿಪ್ಪೆಗೆ ಹೋಗುವಂಥವು, ಉಳಿದರ್ಧ ಗ್ರಂಥಿಗೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವಂಥವು. ಯಾವುದು ನಿಲ್ಲುತ್ತದೆ, ಯಾವುದು ಹಾರಿಹೋಗುತ್ತದೆ ಎಂದು ತಿಳಿದಿದ್ದರೆ ಸಾಕು.

● ಉಣ್ಣೆ, ನಮ್ಮ ತಲೆಗೂದಲು, ಉಗುರು ಎಲ್ಲವೂ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು. ಮದರಂಗಿಯಲ್ಲಿರುವ ಲಾಸೋನ್ ಈ ಕೆರಾಟಿನ್‌ಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಕೂದಲಿಗೆ ಹಚ್ಚುವ ಮದರಂಗಿಯೇ ಬೇರೇನೂ ಬೆರೆಸದೆ ಉಣ್ಣೆಯನ್ನು ಕಂದು-ಕಿತ್ತಳೆ ಮಾಡುತ್ತದೆ.

● ಕೇಕಿಗೆ ಹಾಕುವ ಫುಡ್ ಕಲರ್ ಹತ್ತಿ ಬಟ್ಟೆಗೆ ತಾಗಿದರೆ ಒಗೆದಾಗ ಬಹುಪಾಲು ಹೋಗುತ್ತದೆ. ಅದನ್ನೇ ವಿನೆಗರ್ ಬೆರೆಸಿದ ಬಿಸಿನೀರಿನಲ್ಲಿ ಕದಡಿ ಉಣ್ಣೆ ಅದ್ದಿದರೆ ಗಟ್ಟಿಯಾಗಿ ಕೂರುತ್ತದೆ. ಹುಳಿ ನೀರಿನಲ್ಲಿ ಉಣ್ಣೆಗೆ ಧನ ವಿದ್ಯುದಂಶ ಬರುತ್ತದೆ. ಬಣ್ಣದ ಕಣಗಳದು ಋಣ ವಿದ್ಯುದಂಶ. ಎರಡೂ ಒಂದನ್ನೊಂದು ಸೆಳೆಯುತ್ತವೆ. ಬಣ್ಣವನ್ನೆಲ್ಲ ಉಣ್ಣೆ ಹೀರಿಕೊಂಡು ಪಾತ್ರೆಯ ನೀರು ತಿಳಿಯಾದರೆ ಕೆಲಸ ಮುಗಿದಂತೆ.

● ಅಮೆರಿಕದ ಹೆಣಿಗೆಗಾರರು ನೂಲಿಗೆ ಬಣ್ಣ ಹಾಕಲು ಕೂಲ್-ಏಡ್ ಎಂಬ ಪಾನೀಯದ ಪುಡಿಯನ್ನು ಬಳಸುವುದುಂಟು. 1927ರಲ್ಲಿ ನೆಬ್ರಾಸ್ಕಾದಲ್ಲಿ ಹುಟ್ಟಿದ ಈ ಪುಡಿಯ ಸಕ್ಕರೆ ಇಲ್ಲದ ಪೊಟ್ಟಣದಲ್ಲಿ ಬಣ್ಣವೂ ಇದೆ, ಸಿಟ್ರಿಕ್ ಆಮ್ಲವೂ ಇದೆ. ಬೇರೆ ವಿನೆಗರ್ ಬೇಕಿಲ್ಲ.

● ನಿಮ್ಮ ಸ್ವೆಟರ್ ನಿಜವಾಗಿ ಉಣ್ಣೆಯದೇ? ಒಳಹೊಲಿಗೆಯಿಂದ ಒಂದೆಳೆ ತೆಗೆದು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆ ನಿಧಾನವಾಗಿ ಉರಿದು ತಾನೇ ಆರುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅದಕ್ಕೆ ಇಲ್ಲಿ ಹೇಳಿದ ಯಾವ ಬಣ್ಣವೂ ಸರಿಯಾಗಿ ಹಿಡಿಯದು.

● ಸಸ್ಯದ ಬಣ್ಣಗಳಲ್ಲಿ ಬಹಳಷ್ಟು ತಾವಾಗಿ ನಿಲ್ಲುವುದಿಲ್ಲ. ನಡುವೆ ಪಟಿಕ ಬೇಕು. ಪಟಿಕದಲ್ಲಿರುವ ಅಲ್ಯೂಮಿನಿಯಂ ಒಂದು ಕಡೆ ಉಣ್ಣೆಯನ್ನೂ ಇನ್ನೊಂದು ಕಡೆ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಒಣಗಿದ 100 ಗ್ರಾಂ ಉಣ್ಣೆಗೆ 10ರಿಂದ 15 ಗ್ರಾಂ ಸಾಕು. ಜಾಸ್ತಿಯಾದರೆ ಉಣ್ಣೆ ಅಂಟಂಟಾಗುತ್ತದೆ.

● ಹೊಸಬರಿಗೆ ಈರುಳ್ಳಿ ಸಿಪ್ಪೆಯಷ್ಟು ನಂಬಿಕೆಯ ಬಣ್ಣ ಮತ್ತೊಂದಿಲ್ಲ. 100 ಗ್ರಾಂ ಉಣ್ಣೆಗೆ ಅಷ್ಟೇ ತೂಕದ ಒಣ ಸಿಪ್ಪೆ ತೆಗೆದುಕೊಳ್ಳಿ. ಒಂದು ಗಂಟೆ ಕುದಿಸಿ ಸೋಸಿ. ಉಣ್ಣೆಯನ್ನು ಮೊದಲು ನೀರಿನಲ್ಲಿ ಚೆನ್ನಾಗಿ ನೆನೆಸಿ, ಪಟಿಕದ ನೀರಿನಲ್ಲಿ ಒಂದು ಗಂಟೆ, ಆಮೇಲೆ ಸಿಪ್ಪೆಯ ನೀರಿನಲ್ಲಿ ಒಂದು ಗಂಟೆ ಸಣ್ಣ ಉರಿಯಲ್ಲಿಡಿ. ನೀರು ಕುದಿಯಬಾರದು, ಹಬೆಯಾಡುತ್ತಿದ್ದರೆ ಸರಿ. ಹಾಗೇ ಆರಲು ಬಿಡಿ. ಈರುಳ್ಳಿಯ ತಳಿಗೆ ತಕ್ಕಂತೆ ಹೊಂಬಣ್ಣ, ತಾಮ್ರದ ಕಂದು ಅಥವಾ ಹಸಿರು ಬೆರೆತ ಕಂದು ಬರುತ್ತದೆ.

● ಅರಿಸಿನಕ್ಕೆ ಪಟಿಕವೂ ಬೇಡ, ಹಳದಿ ತಕ್ಷಣ ಹಿಡಿಯುತ್ತದೆ. ಆದರೆ ಬಿಸಿಲು ಕಂಡರೆ ಅಷ್ಟೇ ಬೇಗ ಮಾಸುತ್ತದೆ. ಸೋಪಿನ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಇದೇ ಗುಣದಿಂದ.

● ಬೀಟ್‌ರೂಟ್ ಕೈಗೆ ಅಂಟುವ ಪರಿ ನೋಡಿ ಮೋಸಹೋಗಬೇಡಿ. ಅದರ ಬೆಟಲೈನ್ ಬಣ್ಣ ಬಿಸಿಗೂ ಬೆಳಕಿಗೂ ತಡೆಯದು. ಪಲ್ಯ ಮಾಡಿ ತಿನ್ನುವುದೇ ಅದರ ಸದುಪಯೋಗ.

● ದಾಳಿಂಬೆ ಸಿಪ್ಪೆ, ಚಹಾದ ಚರಟ, ಅಳಲೆಕಾಯಿ: ಒಗರಿರುವ ಈ ಮೂರರಲ್ಲೂ ಟ್ಯಾನಿನ್ ಇದೆ. ಅದು ತಾನೇ ಉಣ್ಣೆಗೆ ಅಂಟುತ್ತದೆ. ದಾಳಿಂಬೆಯಿಂದ ಹಳದಿ, ಚಹಾದಿಂದ ತಿಳಿಗಂದು.

● ಹಾಗೆ ಅದ್ದಿದ ಉಣ್ಣೆಗೆ ಚಿಟಿಕೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ತೋರಿಸಿದರೆ ಹಳದಿ ಬೂದು-ಹಸಿರಾಗುತ್ತದೆ, ಕಂದು ಕಪ್ಪಿನತ್ತ ತಿರುಗುತ್ತದೆ. ಕಬ್ಬಿಣವೂ ಟ್ಯಾನಿನ್ನೂ ಸೇರಿದರೆ ಕಪ್ಪು. ಹಳೆಯ ಕಾಲದ ಶಾಯಿಯೂ ಹೀಗೇ ಆಗುತ್ತಿತ್ತು. ಅನ್ನಭೇದಿ ಇಲ್ಲದಿದ್ದರೆ ತುಕ್ಕು ಹಿಡಿದ ಮೊಳೆಗಳನ್ನು ವಿನೆಗರಿನಲ್ಲಿ ಕೆಲವು ದಿನ ನೆನೆಸಿದರೂ ಆಯಿತು. 100 ಗ್ರಾಂ ಉಣ್ಣೆಗೆ 2 ಗ್ರಾಂ ಅನ್ನಭೇದಿ ದಾಟಬೇಡಿ, ಉಣ್ಣೆ ಒರಟಾಗುತ್ತದೆ.

● ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರು ಕೂಡ ಟ್ಯಾನಿನ್ ತುಂಬಿದ ಬಣ್ಣವೇ. ಹೆಗ್ಗೋಡು ಬಳಿಯ ಭೀಮನಕೋಣೆಯ ‘ಚರಕ’ ಸಹಕಾರ ಸಂಘದ ಮಹಿಳೆಯರು ಇಂಥ ಸಹಜ ಬಣ್ಣಗಳನ್ನು ಕೈಮಗ್ಗದ ಹತ್ತಿಗೆ ಹಾಕುತ್ತಾರೆ. ಹತ್ತಿಗಿಂತ ಉಣ್ಣೆಗೆ ಬಣ್ಣ ಇನ್ನೂ ಸಲೀಸಾಗಿ ಒಲಿಯುತ್ತದೆ.

● ಆಯುಧಪೂಜೆ ಮುಗಿದ ಮೇಲೆ ಬೀದಿಯಲ್ಲಿ ರಾಶಿ ಬೀಳುವ ಚೆಂಡುಹೂವನ್ನು ಬಿಡಿಸಿ ಒಣಗಿಸಿಡಿ. ಪಟಿಕ ಕುಡಿದ ಉಣ್ಣೆಗೆ ಅದು ಚೆಲುವಾದ ಹಳದಿ ಕೊಡುತ್ತದೆ.

● ಕೆಂಪು ಬೇಕೇ? ಅರಗಿನ ಹುಳು ಕೊಡುತ್ತದೆ. ಕೊಂಬೆಯಿಂದ ಕಿತ್ತ ಅರಗನ್ನು ತೊಳೆಯುವಾಗ ಇಳಿಯುವ ಕೆಂಪು ನೀರೇ ಬಣ್ಣ. ಪಟಿಕದೊಂದಿಗೆ ಉಣ್ಣೆ, ರೇಷ್ಮೆಗಳ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಮಂಜಿಷ್ಠದ ಬೇರೂ ಇನ್ನೊಂದು ದಾರಿ.

● ನೀಲಿಯ ದಾರಿಯೇ ಬೇರೆ. ನೀಲಿಗಿಡದ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಆಮ್ಲಜನಕ ಕಳೆದು ಕರಗಿಸಿದ ತೊಟ್ಟಿಯಿಂದ ಹಳದಿ-ಹಸಿರಾಗಿ ಮೇಲೆ ಬಂದ ನೂಲು ಗಾಳಿ ತಗುಲಿದ ಕೆಲವೇ ನಿಮಿಷಗಳಲ್ಲಿ ನೀಲಿಯಾಗುತ್ತದೆ.

● 1856ರಲ್ಲಿ 18ರ ಹರೆಯದ ವಿಲಿಯಂ ಪರ್ಕಿನ್ ಲಂಡನ್ನಿನಲ್ಲಿ ಮಲೇರಿಯಾ ಔಷಧ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಕೃತಕ ಬಣ್ಣ ಕಂಡುಕೊಂಡ. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಭಾರತದ ನೀಲಿ ಬೆಳೆ ಕುಸಿಯಿತು.

● ಸಹಜ ಬಣ್ಣ ಬಾಳುವುದಿಲ್ಲ ಎನ್ನುವವರಿಗೆ ಪಾಜಿರಿಕ್ ರತ್ನಗಂಬಳಿ ಉತ್ತರ. ಉಣ್ಣೆಯ ಈ ಹಾಸು 1949ರಲ್ಲಿ ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಗೋರಿಯೊಂದರ ಹಿಮದಲ್ಲಿ ಸಿಕ್ಕಿತು. ವಯಸ್ಸು ಸುಮಾರು 2,400 ವರ್ಷ. ಅದರ ಕೆಂಪು ಇಂದಿಗೂ ಕಣ್ಣಿಗೆ ರಾಚುತ್ತದೆ.

● ಬಣ್ಣ ಬೆಳಕಿಗೆ ಎಷ್ಟು ತಡೆಯುತ್ತದೆಂದು ಅಳೆಯುವ ಜಾಗತಿಕ ಅಳತೆಗೋಲು ಉಣ್ಣೆಯದೇ: 1ರಿಂದ 8ರವರೆಗೆ ಗುರುತಿಸಿದ ನೀಲಿ ಉಣ್ಣೆಯ 8 ಪಟ್ಟಿಗಳು. ಮನೆಯಲ್ಲಾದರೆ ಬಣ್ಣ ಹಾಕಿದ ನೂಲಿನ ಅರ್ಧಕ್ಕೆ ರಟ್ಟು ಮುಚ್ಚಿ ಎರಡು ವಾರ ಕಿಟಕಿಯಲ್ಲಿಡಿ. ಎರಡು ಭಾಗ ಹೋಲಿಸಿದರೆ ಉತ್ತರ ಸಿಗುತ್ತದೆ.

● ಉಣ್ಣೆಯ ಎಳೆಯ ಮೇಲೆ ಮೀನಿನ ಹಾಗೆ ಹುರುಪೆಗಳಿವೆ. ಬಿಸಿಯಲ್ಲಿ ಕುಲುಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ. ಆದ್ದರಿಂದ ಕದಡಬೇಡಿ, ಹಿಂಡಬೇಡಿ, ಬಿಸಿಯಿಂದ ನೇರ ತಣ್ಣೀರಿಗೆ ಹಾಕಬೇಡಿ. ಬ್ಲೀಚ್ ಹತ್ತಿರವೂ ತರಬೇಡಿ, ಅದು ಉಣ್ಣೆಯನ್ನೇ ಕರಗಿಸುತ್ತದೆ.

● ಗಾಢ ಬಣ್ಣವನ್ನು ತಿಳಿ ಮಾಡಲಾಗದು. ಹೊಸ ಬಣ್ಣ ಹಳೆಯದರ ಮೇಲೆ ಸೇರುತ್ತದಷ್ಟೆ. ಹಳದಿ ಸ್ವೆಟರನ್ನು ನೀಲಿಗೆ ಅದ್ದಿದರೆ ಹಸಿರು. ಡೆಕ್ಕನಿ ಕುರಿಯ ಕರಿ ಉಣ್ಣೆಯಲ್ಲಿ ನೇಯುವ ನಮ್ಮ ಕಂಬಳಿಗೆ ಬಣ್ಣದ ಹಂಗೇ ಇಲ್ಲ. ಅದಕ್ಕೆ ಬೇಕಾದದ್ದು ಹುಣಸೆ ಬೀಜದ ಗಂಜಿ ಮಾತ್ರ.

● ಅಡಿಕೆ ತೋಟದ ಮೈಲುತುತ್ತವೂ ಹಳದಿಯನ್ನು ಹಸಿರಿಗೆ ತಿರುಗಿಸುತ್ತದೆ. ಆದರೆ ಅದು ಮೀನಿಗೆ ವಿಷ, ಮನೆಗೆ ಬೇಡ. ಪಟಿಕ, ಅನ್ನಭೇದಿಯಾದರೂ ಸ್ಟೀಲಿನ ಪಾತ್ರೆಯೊಂದನ್ನು ಬಣ್ಣಕ್ಕೆಂದೇ ಮೀಸಲಿಡಿ, ಅಡುಗೆಗೆ ಮರಳಿ ಬಳಸಬೇಡಿ.

● ಒಮ್ಮೆ ಅದ್ದಿದ ಮೇಲೆ ಈರುಳ್ಳಿ ನೀರನ್ನು ಚೆಲ್ಲಬೇಡಿ. ಎರಡನೆಯ, ಮೂರನೆಯ ಅದ್ದಿಗೆ ಅದೇ ಬಣ್ಣದ ತಿಳಿ ಛಾಯೆಗಳು ಬರುತ್ತವೆ. ಸ್ವೆಟರಿಗೆ ಒಪ್ಪುವ ಟೋಪಿ, ಕಾಲುಚೀಲ ಅದರಲ್ಲೇ ಆಗುತ್ತದೆ. ಸಿಪ್ಪೆ ಹಗುರ, 100 ಗ್ರಾಂ ಕೂಡಲು ದಿನ ಹಿಡಿಯುತ್ತದೆ. ಪಕ್ಕದ ಹೋಟೆಲಿನವರನ್ನೋ ತರಕಾರಿ ಅಂಗಡಿಯವರನ್ನೋ ಕೇಳಿ, ಚೀಲ ತುಂಬ ಕೊಡುತ್ತಾರೆ.